ಮ್ಯೂನಿಕ್‌ನಿಂದ ಕಾರ್ಫುಗೆ ಕಾರು: ಸರ್ಬಿಯಾ ದಾರಿಯೋ, ಇಟಲಿಯ ಹಡಗೋ?

ನಮಸ್ಕಾರ. ಇಬ್ಬರು ಮಕ್ಕಳ ಜೊತೆ ಗ್ರೀಸಿನ ಕಾರ್ಫು ದ್ವೀಪದ ಬೇಸಿಗೆ ಮನೆಗೆ ಕಾರಲ್ಲಿ ಹೊರಟಿದ್ದೀವಿ, ಯಾವ ದಾರಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿ ಇಟಲಿ ದಾರಿ ಹಿಡೀರಿ. ಸರ್ಬಿಯಾ ಕಡೆ ಹೋದರೆ ಜುಲೈ-ಆಗಸ್ಟ್‌ನಲ್ಲಿ ಗಡಿಯಲ್ಲಿ ಬಿಸಿಲಿಗೆ ಗಂಟೆಗಟ್ಟಲೆ ಕಾಯಬೇಕು. ಮಕ್ಕಳಿಗೆ ಆ ಶಿಕ್ಷೆ ಬೇಡ.

ಮ್ಯೂನಿಕ್‌ನಿಂದ ಇಟಲಿಯ ಅಂಕೋನಾ ಬಂದರಿಗೆ ಸುಮಾರು 800 ಕಿ.ಮೀ. ಆಸ್ಟ್ರಿಯಾಕ್ಕೆ ವಿನ್ಯೆಟ್ (ಹೆದ್ದಾರಿ ಶುಲ್ಕದ ಚೀಟಿ) ಬೇಕು, ಇಟಲಿ ಕಡೆಗೆ ಬೆಟ್ಟ ದಾಟಿಸೋ ಬ್ರೆನ್ನರ್ ರಸ್ತೆಯ ಟೋಲ್ ಬೇರೆ. ವೆರೋನಾದಲ್ಲಿ ಒಂದು ರಾತ್ರಿ ತಂಗಿ. ಅಂಕೋನಾದಲ್ಲಿ ಮಧ್ಯಾಹ್ನ ಹಡಗು ಹತ್ತಿದರೆ ಮರುದಿನ ಬೆಳಿಗ್ಗೆ ಗ್ರೀಸಿನ ಇಗುಮೆನಿತ್ಸಾ ಬಂದರು. ಅಲ್ಲಿಂದ ಕಾರ್ಫುಗೆ ಇನ್ನೊಂದು ಫೆರಿ, ಒಂದೂವರೆ ಗಂಟೆ ಹಿಡಿಯುತ್ತೆ.

ಒಂದು ಮಾತು ಮರೀಬೇಡಿ. ಹಡಗು ಹೊರಟ ಮೇಲೆ ಕಾರಿನ ಹತ್ತಿರ ಬಿಡಲ್ಲ. ಮೊದಲ ಸಲ ಮಗಳ ಸ್ವೆಟರು, ಜ್ವರದ ಔಷಧಿ ಎರಡೂ ಡಿಕ್ಕಿಯಲ್ಲೇ ಉಳಿದು ರಾತ್ರಿಯಿಡೀ ಒದ್ದಾಡಿದ್ವಿ. ಮೇಲೆ ಒಯ್ಯೋ ಚೀಲ ಬೇರೆ ಕಟ್ಟಿ, ಹಿಂದಿನ ಸೀಟಲ್ಲೇ ಇಡಿ. ಹ್ಯಾಂಡ್‌ಬ್ರೇಕ್ ಎಳೆದು ಅಲಾರಂ ಆಫ್ ಮಾಡಿ, ಹಡಗಿನ ಕುಲುಕಾಟಕ್ಕೆ ಅದು ಕೂಗಿಕೊಳ್ಳುತ್ತೆ.

ಕ್ಯಾಬಿನ್ ಈಗಲೇ ಬುಕ್ ಮಾಡಿ. ಗ್ರೀಸಿನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ, ಮುಂದಿನ ಫೆರಿಗೆ ಆ ಲೆಕ್ಕ ಇರಲಿ.