ಧರ್ಮಕೇಂದ್ರದ ಯುವಜನರು ವಿಜ್ಞಾನ, ನಂಬಿಕೆ, ರಾಜಕೀಯದ ಬಗ್ಗೆ ಸಾರ್ವಜನಿಕ ಸಂವಾದ ನಡೆಸುವುದು ಹೇಗೆ?

ಮೈಸೂರಿನ ನಿಮ್ಮ ಧರ್ಮಕೇಂದ್ರದ, ಅಂದರೆ ಚರ್ಚಿನ, ಯುವಜನರು ಲಸಿಕೆ, ವಿಕಾಸವಾದ ಇವುಗಳ ಬಗ್ಗೆ ಎಲ್ಲ ಮತದವರನ್ನೂ ಕರೆದು ಸಂವಾದ ನಡೆಸಬೇಕೆಂದಿದ್ದೀರಿ. ಕೊನೆಯಲ್ಲಿ ಶಾಲಾಪಠ್ಯದ ಬಗ್ಗೆ ಸರ್ಕಾರಕ್ಕೆ ಒಂದು ಮನವಿಯನ್ನೂ ಕೊಡಬೇಕೆಂದಿದ್ದೀರಿ. ಚರ್ಚಿನ ಸಭಾಂಗಣದಲ್ಲೇ ಮಾಡಬಹುದೇ, ಜಗಳಕ್ಕೆ ತಿರುಗದಂತೆ ನಡೆಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಜಾಗದ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಭಾಷಣಕಾರರನ್ನು ಗೊತ್ತುಮಾಡಿ, ಕರಪತ್ರ ಅಚ್ಚು ಹಾಕಿಸಿದ ಮೇಲೆ ಅದು ಹೊಳೆದರೆ ಎಲ್ಲವನ್ನೂ ಮತ್ತೆ ಶುರು ಮಾಡಬೇಕಾಗುತ್ತದೆ.

1988ರ ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಕಾಯ್ದೆಯ ಪ್ರಕಾರ ಗುಡಿ, ಮಸೀದಿ, ಚರ್ಚು ಯಾವುದೇ ಆಗಲಿ, ಅದರ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಿಟ್ಟುಕೊಡುವಂತಿಲ್ಲ. ರಾಜಕೀಯ ಅಂದರೆ ಪಕ್ಷದ ಪ್ರಚಾರ ಮಾತ್ರ ಎಂದುಕೊಂಡು ಅನೇಕರು ನಿಶ್ಚಿಂತೆಯಿಂದ ಇರುತ್ತಾರೆ. ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ಬಹಳ ಅಗಲ. ರಾಜಕೀಯ ಸ್ವರೂಪದ ಯಾವುದೇ ಪ್ರಶ್ನೆಯನ್ನು ಸಭೆ, ಮೆರವಣಿಗೆ, ಹಣಸಂಗ್ರಹದ ಮೂಲಕ ಮುಂದೆ ತಂದರೂ ಅದರೊಳಗೆ ಬರಬಹುದು. ಉಲ್ಲಂಘಿಸಿದರೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಅದರ ಹೊಣೆ ಬೀಳುವುದು ಸಂಸ್ಥೆಯನ್ನು ನಡೆಸುವವರ ಮೇಲೆ ಮತ್ತು ಉಲ್ಲಂಘನೆಯಲ್ಲಿ ಭಾಗಿಯಾದವರ ಮೇಲೆ, ಅಂದರೆ ನಿಮ್ಮ ಉತ್ಸಾಹದ ಬೆಲೆಯನ್ನು ನಿಮ್ಮ ಜೊತೆಗೆ ಚರ್ಚಿನ ಗುರುಗಳೂ ತೆರಬೇಕಾಗುತ್ತದೆ. ಹಾಗಾಗಿ ಕಾರ್ಯಕ್ರಮವನ್ನು ಎರಡಾಗಿ ಒಡೆಯಿರಿ. ವಿಜ್ಞಾನ ಮತ್ತು ನಂಬಿಕೆಯ ಅಧ್ಯಯನ ಕೂಟ ಚರ್ಚಿನ ಸಭಾಂಗಣದಲ್ಲಿ ನಡೆಯಲಿ. ಸರ್ಕಾರ ಏನು ಮಾಡಬೇಕು ಎಂಬ ಚರ್ಚೆ, ಸಹಿ ಸಂಗ್ರಹ, ಮನವಿ ಎಲ್ಲವೂ ಹೊರಗಿನ ಜಾಗದಲ್ಲಿ, ಬೇರೆ ದಿನ, ನಾಗರಿಕರ ಗುಂಪಿನ ಹೆಸರಿನಲ್ಲಿ ನಡೆಯಲಿ. ಕಲಾಮಂದಿರದ ಆವರಣದ ಕಿರುರಂಗಮಂದಿರದಂಥ ಸಾರ್ವಜನಿಕ ಸಭಾಂಗಣವನ್ನು ಬಾಡಿಗೆಗೆ ಹಿಡಿದರೆ ಬೇರೆ ಮತದವರಿಗೂ ಒಳಗೆ ಬರಲು ಸಂಕೋಚವಿರುವುದಿಲ್ಲ. ಬಾಡಿಗೆಯ ರಸೀದಿ ಚರ್ಚಿನ ಹೆಸರಿನಲ್ಲಿ ಆಗಬಾರದು. ಪೂಜೆಯ ಕಾಣಿಕೆ ಹಣದಿಂದ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು.

ಚುನಾವಣೆ ಘೋಷಣೆಯಾಗಿದ್ದರೆ ಮುಂದೂಡುವುದೇ ಲೇಸು. ಪೂಜಾಸ್ಥಳ ಪ್ರಚಾರದ ವೇದಿಕೆಯಾಗಬಾರದು ಎಂದು ಮಾದರಿ ನೀತಿಸಂಹಿತೆಯೇ ಹೇಳುತ್ತದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಪ್ರಕಾರ ಅಭ್ಯರ್ಥಿಯೋ ಅವರ ಏಜೆಂಟರೋ ಅವರ ಒಪ್ಪಿಗೆ ಪಡೆದವರೋ ಧರ್ಮದ ಹೆಸರಿನಲ್ಲಿ ಮತ ಕೇಳಿದರೆ ಅದು ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ, 4–3ರ ಬಹುಮತದಿಂದ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಎತ್ತಿದರೂ ಅದೇ ಕಲಂ ಅನ್ವಯಿಸುತ್ತದೆ ಎಂದಿತು. ವಿಜ್ಞಾನದ ಪರ ಇರುವ ಅಭ್ಯರ್ಥಿಗೇ ಕ್ರೈಸ್ತರು ಮತ ಹಾಕಬೇಕು ಎಂಬ ಮಾತು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ವೇದಿಕೆಯಲ್ಲಿ ಬೇಡ.

ಇನ್ನು ವಿಷಯ. ಇಂಥ ಸಭೆ ಕೆಡುವುದಕ್ಕೆ ಮುಖ್ಯ ಕಾರಣ, ಮೂರು ಬೇರೆ ಪ್ರಶ್ನೆಗಳು ಒಂದೇ ಮಾತಿನಲ್ಲಿ ಕಲಸಿಹೋಗುವುದು. ಸಂಗತಿ ಏನು? ಯಾವುದು ಸರಿ, ಯಾವುದು ತಪ್ಪು? ಸರ್ಕಾರ ಏನು ಮಾಡಬೇಕು? ಮೊದಲನೆಯದಕ್ಕೆ ವಿಜ್ಞಾನಿ ಉತ್ತರ ಹೇಳಲಿ, ಎರಡನೆಯದಕ್ಕೆ ಮನಸ್ಸಾಕ್ಷಿ ಮತ್ತು ಧರ್ಮಬೋಧೆ, ಮೂರನೆಯದಕ್ಕೆ ಸಂವಿಧಾನ ಮತ್ತು ಮತದಾರ. ಒಬ್ಬರೇ ಮೂರಕ್ಕೂ ತೀರ್ಪು ಕೊಡಲು ನಿಂತರೆ ಎದುರಿಗೆ ಕೂತವರು ಮೂರನ್ನೂ ಒಟ್ಟಿಗೆ ತಿರಸ್ಕರಿಸುತ್ತಾರೆ. ಗುರುಗಳು ರೋಗಾಣುವಿನ ಬಗ್ಗೆ ಖಚಿತವಾಗಿ ಮಾತಾಡಬಾರದು. ಪ್ರೊಫೆಸರರು ದೇವರಿಲ್ಲ ಎಂದು ಪ್ರಯೋಗಶಾಲೆಯ ಹೆಸರಿನಲ್ಲಿ ಹೇಳಬಾರದು. ಎರಡೂ ಅಷ್ಟೇ ತಪ್ಪು.

ಕೋವಿಡ್ ಲಸಿಕೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಭ್ರೂಣದ ಜೀವಕೋಶ ಇದೆ ಎಂಬ ಸಂದೇಶಗಳು ಕ್ರೈಸ್ತರ ನಡುವೆ ಓಡಾಡಿದವು. ಸಂಗತಿ ಹೀಗಿದೆ: ಕೋವಿಶೀಲ್ಡ್‌ನ ವೈರಸ್ಸನ್ನು ಬೆಳೆಸುತ್ತಿದ್ದದ್ದು ಎಚ್‌ಇಕೆ 293 ಎಂಬ ಕೋಶಸಂತತಿಯಲ್ಲಿ. 1970ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಭ್ರೂಣದ ಮೂತ್ರಪಿಂಡದಿಂದ ಪಡೆದ ಕೋಶಗಳು ಅಂದಿನಿಂದ ಪ್ರಯೋಗಶಾಲೆಯಲ್ಲಿ ಮರಿಹಾಕುತ್ತಲೇ ಬಂದಿವೆ. ಹೊಸ ಭ್ರೂಣ ಬೇಕಿಲ್ಲ. ವೈರಸ್ಸನ್ನು ಶುದ್ಧೀಕರಿಸುವಾಗ ಆ ಕೋಶಗಳನ್ನು ಬೇರ್ಪಡಿಸುತ್ತಿದ್ದರು. ಕೋವ್ಯಾಕ್ಸಿನ್‌ಗೆ ಬಳಸಿದ್ದು ವೀರೊ ಎಂಬ ಮಂಗನ ಮೂತ್ರಪಿಂಡದ ಕೋಶ. ಈ ವಿವರವನ್ನು ಮುಚ್ಚಿಟ್ಟು, ಅದೆಲ್ಲ ಸುಳ್ಳು ಎಂದು ತಳ್ಳಿಹಾಕಿದರೆ ಮೊಬೈಲಿನಲ್ಲಿ ಹುಡುಕಿದವರು ಎದ್ದು ನಿಲ್ಲುತ್ತಾರೆ, ಆಮೇಲೆ ನೀವು ಹೇಳುವ ಯಾವುದನ್ನೂ ನಂಬುವುದಿಲ್ಲ. ಸರಿ ತಪ್ಪಿನ ಪ್ರಶ್ನೆಗೆ ವ್ಯಾಟಿಕನ್‌ನ ವಿಶ್ವಾಸಬೋಧೆಯ ಪೀಠ 2020ರ ಡಿಸೆಂಬರ್ 21ರಂದು ಉತ್ತರ ಕೊಟ್ಟಿದೆ: ಆಕ್ಷೇಪವಿಲ್ಲದ ಬೇರೆ ಲಸಿಕೆ ಸಿಗದಿದ್ದಾಗ ಇಂಥದನ್ನು ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದು, ಅದರಿಂದ ಗರ್ಭಪಾತವನ್ನು ಸಮರ್ಥಿಸಿದಂತಾಗುವುದಿಲ್ಲ. ಲಸಿಕೆ ಸ್ವಇಚ್ಛೆಯದಾಗಿರಬೇಕು, ಬೇಡವೆಂದವರು ಸೋಂಕು ಹರಡದಂತೆ ಬೇರೆ ರೀತಿಯಲ್ಲಿ ಎಚ್ಚರ ವಹಿಸಬೇಕು ಎಂದೂ ಅದೇ ಟಿಪ್ಪಣಿ ಹೇಳುತ್ತದೆ. ಮೂರನೆಯ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 2022ರ ಮೇ 2ರ ತೀರ್ಪಿದೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಅಗತ್ಯಕ್ಕೆ ತಕ್ಕ ನಿರ್ಬಂಧ ಹಾಕಬಹುದು. ಮೂರನ್ನೂ ಈ ಕ್ರಮದಲ್ಲೇ, ಬೇರೆ ಬೇರೆಯಾಗಿ ಹೇಳಿ. ಒಂದನ್ನು ಒಪ್ಪಿ ಇನ್ನೊಂದನ್ನು ಒಪ್ಪದಿರಲು ಕೇಳುಗರಿಗೆ ಆಗ ಅವಕಾಶವಿರುತ್ತದೆ.

ಊರಿನದೇ ಉದಾಹರಣೆ ಬೇಕಿದ್ದರೆ ಶ್ರೀರಂಗಪಟ್ಟಣ ದೂರವಿಲ್ಲ. ಟಿಪ್ಪುವಿನ ಪತನದ ನಂತರ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1803–04ರಲ್ಲಿ ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ತೊಡಗಿದ್ದರು. ಜೆನ್ನರ್ ತನ್ನ ಪ್ರಯೋಗವನ್ನು ಪ್ರಕಟಿಸಿದ್ದು 1798ರಲ್ಲಿ, ಅಂದರೆ ಅದು ಅಂದಿನ ಹೊಚ್ಚಹೊಸ ವಿಜ್ಞಾನ. ಫ್ರಿಜ್ ಇಲ್ಲದ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಲಸಿಕೆಯನ್ನು ಜೀವಂತವಾಗಿ ಇಡಬೇಕಿತ್ತು. ಇಲ್ಲಿ ಪಾದ್ರಿಯ ಶ್ರದ್ಧೆಯೂ ಇದೆ, ತನ್ನ ಆಳ್ವಿಕೆಗೆ ಒಳ್ಳೆಯ ಹೆಸರು ಬೇಕೆಂಬ ಈಸ್ಟ್ ಇಂಡಿಯಾ ಕಂಪನಿಯ ರಾಜಕೀಯವೂ ಇದೆ. ಆದರೂ ಲಸಿಕೆ ಸಿಡುಬನ್ನು ತಡೆಯಿತೋ ಇಲ್ಲವೋ ಎಂಬುದು ಇವೆರಡರಿಂದ ತೀರ್ಮಾನವಾಗುವ ಮಾತಲ್ಲ. ಇದನ್ನು ಕ್ರೈಸ್ತರು ತಂದುಕೊಟ್ಟ ಉಪಕಾರ ಎಂಬಂತೆ ಮಾತ್ರ ಹೇಳಬೇಡಿ. ಸಿಡುಬಿನ ರಸವನ್ನೇ ಚುಚ್ಚಿ ರಕ್ಷಣೆ ಪಡೆಯುವ ಪದ್ಧತಿ ಭಾರತದ ಕೆಲವೆಡೆ ಅದಕ್ಕೂ ಮೊದಲೇ ಇತ್ತು.

ವಿಕಾಸವಾದದಲ್ಲಿ ಪಂಗಡಗಳ ನಡುವೆಯೇ ಭೇದವಿದೆ. ಕಥೋಲಿಕರಿಗೆ ಹಾದಿ ಬಹುಮಟ್ಟಿಗೆ ತೆರೆದಿದೆ. 1950ರಲ್ಲಿ ಪೋಪ್ 12ನೇ ಭಕ್ತಿನಾಥರು (ಪಿಯಸ್) ಮಾನವ ದೇಹದ ಮೂಲದ ಬಗ್ಗೆ ಸಂಶೋಧನೆಗೆ ಅಡ್ಡಿಯಿಲ್ಲ, ಆತ್ಮ ಮಾತ್ರ ನೇರವಾಗಿ ದೇವರ ಸೃಷ್ಟಿ ಎಂದರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ವಿಕಾಸ ಈಗ ಬರೀ ಊಹೆಯ ಮಟ್ಟವನ್ನು ದಾಟಿದೆ ಎಂದರು. ಆದಿಕಾಂಡದ ಆರು ದಿನಗಳನ್ನು ಅಕ್ಷರಶಃ ಓದುವ ಸಭೆಗಳವರೂ ನಿಮ್ಮ ಸಂವಾದಕ್ಕೆ ಬರುತ್ತಾರೆ. ಅವರನ್ನು ಅಜ್ಞಾನಿಗಳೆಂದು ನಗುವವರಿಗೆ ಮೈಕು ಕೊಡಬೇಡಿ. ವಿಕಾಸವಾದದ ಪಾಠದ ಬಗ್ಗೆ ಅಮೆರಿಕದ ಡೋವರ್ ಶಾಲೆಯಲ್ಲಿ ಎದ್ದ 2005ರ ಮೊಕದ್ದಮೆಯನ್ನು ಹೇಳಿದರೆ ಒಳ್ಳೆಯದು. ಅಲ್ಲಿ ವಿಕಾಸವಾದದ ಪರ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಸ್ವತಃ ಕಥೋಲಿಕರು. ಭಾಷಣಕ್ಕಿಂತ ಕಣ್ಣಿಗೆ ಕಾಣುವುದು ಹೆಚ್ಚು ನಾಟುತ್ತದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣುನೊಣಗಳ ಸಂಗ್ರಹಕೇಂದ್ರವಿದೆ. ಮುಂಚಿತವಾಗಿ ಪತ್ರ ಬರೆದು, ಕೆಂಪು ಕಣ್ಣಿನ ಮತ್ತು ಬಿಳಿ ಕಣ್ಣಿನ ನೊಣಗಳ ಬಾಟಲಿಗಳೊಂದಿಗೆ ಯಾರಾದರೂ ಬರಲು ಸಾಧ್ಯವೇ ಎಂದು ಕೇಳಿ. 25 ಡಿಗ್ರಿ ಶಾಖದಲ್ಲಿ ಸುಮಾರು 10 ದಿನಕ್ಕೆ ಒಂದು ತಲೆಮಾರು. ಆನುವಂಶಿಕ ಬದಲಾವಣೆ ಅಂದರೇನು ಎಂಬುದು ಒಂದು ಭೂತಗನ್ನಡಿಯಲ್ಲಿ ತಿಳಿಯುತ್ತದೆ.

ಒಟ್ಟು ಎರಡು ಗಂಟೆ ಸಾಕು. ವಿಜ್ಞಾನಿಗೆ 20 ನಿಮಿಷ, ಗುರುಗಳಿಗೋ ಸಭಾಪಾಲಕರಿಗೋ 20 ನಿಮಿಷ, ಉಳಿದದ್ದೆಲ್ಲ ಪ್ರಶ್ನೆಗಳಿಗೆ. ಪ್ರಶ್ನೆಗಳು ಚೀಟಿಯಲ್ಲೇ ಬರಲಿ. ಮೈಕನ್ನು ಜನರ ನಡುವೆ ಬಿಟ್ಟರೆ ಪ್ರಶ್ನೆ ಬರುವುದಿಲ್ಲ, ಭಾಷಣ ಬರುತ್ತದೆ. ನಿರೂಪಕರು ಚೀಟಿಗಳನ್ನು ಸಂಗತಿ, ಸರಿತಪ್ಪು, ಸರ್ಕಾರ ಎಂದು ಮೂರು ಗುಂಪು ಮಾಡಿ ಓದಲಿ. ಸರ್ಕಾರದ ಗುಂಪಿನ ಚೀಟಿಗಳನ್ನು ಹೊರಗಿನ ಸಭೆಗೆ ಎತ್ತಿಡಿ. ರಾಜಕಾರಣಿಯನ್ನು ಉದ್ಘಾಟನೆಗೆ ಕರೆಯುವ ಚಾಳಿ ಬಿಡಿ. ಒಬ್ಬರು ಬಂದರೆ ಇಡೀ ಸಭೆಗೆ ಅವರ ಪಕ್ಷದ ಬಣ್ಣ ಅಂಟುತ್ತದೆ.

ಮನವಿಯಲ್ಲಿ ಒಂದೇ ಬೇಡಿಕೆ ಇರಲಿ. ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದ್ದರೂ ಪಿಯುಸಿಯಲ್ಲಿ ಕಾಮರ್ಸ್, ಆರ್ಟ್ಸ್ ಹಿಡಿಯುವ ಮಗುವಿಗೆ ದಕ್ಕುವುದಿಲ್ಲ. ಇದೇ ನಿಮ್ಮ ಬಲವಾದ ವಾದ. ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯ ಎನ್ನುತ್ತದೆ. ಆಧಾರಕ್ಕೆ ಅದು ಸಾಕು, ಬೈಬಲ್ ವಾಕ್ಯ ಮನವಿಯಲ್ಲಿ ಬೇಕಿಲ್ಲ. ಪುಸ್ತಕದ ಹಳೆಯ ಮತ್ತು ಹೊಸ ಮುದ್ರಣದ ವರ್ಷ, ಪುಟ ಸಂಖ್ಯೆ ನಮೂದಿಸಿ. ಎರಡು ಪುಟ ಮೀರದಿರಲಿ. ಸಹಿಯ ಮುಂದೆ ಚರ್ಚಿನ ಹೆಸರಲ್ಲ, ಮನೆಯ ವಿಳಾಸ ಇರಲಿ.

ಜೊತೆಗೇ ಎನ್‌ಸಿಇಆರ್‌ಟಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ. ಯಾಕೆ ಕೈಬಿಟ್ಟಿರಿ ಎಂದು ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ, ಕಾಯ್ದೆ ಕೊಡುವುದು ದಾಖಲೆಯಲ್ಲಿರುವುದನ್ನು ಮಾತ್ರ. ಪಠ್ಯ ಕಡಿತ ಮಾಡಿದ ತಜ್ಞರ ಸಮಿತಿಯ ಸಭಾ ನಡವಳಿ ಮತ್ತು ಕಡತದ ಟಿಪ್ಪಣಿಗಳ ಪ್ರತಿ ಕೊಡಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.