ಡಾಕ್ಟರ್ ಹೂ ಸೀರೀಸನ್ನ ಹಾಳು ಮಾಡಿದ್ದು ಯಾವ ಶೋರನ್ನರ್? ಕಪಾಲ್ಡಿ ಮುಗಿದ್ಮೇಲೆ ನೋಡೋದು ನಿಲ್ಲಿಸ್ಬೇಕಾ?

ನೀವು ಕೇಳಿರೋದು ಇಷ್ಟು ಅಲ್ವಾ, ಟೈಮ್ ಟ್ರಾವೆಲ್ ಮಾಡೋ 'ಡಾಕ್ಟರ್' ಅನ್ನೋ ಏಲಿಯನ್ ಬಗ್ಗೆ ಬಿಬಿಸಿ ಮಾಡೋ ಈ ಶೋನ 2005ರ ಸೀಸನ್ನಿಂದ ಶುರು ಮಾಡಿ ಈಗ ಡಾಕ್ಟರ್ ಪಾತ್ರ ಮಾಡಿದ ಟೆನೆಂಟ್ ಹತ್ರ ಬಂದಿದೀರಿ, ಫ್ರೆಂಡ್ಸ್ ಎಲ್ಲ ಆಮೇಲೆ ಬರೋ ಡಾಕ್ಟರ್ ಕಪಾಲ್ಡಿಗೆ ನಿಲ್ಲಿಸ್ಬಿಡು, ಅಲ್ಲಿಂದ ಮುಂದೆ ಚಿಬ್ನಲ್ ಶೋರನ್ನರ್ ಆಗಿ, ಅಂದ್ರೆ ಕಥೆ, ರೈಟರ್‌ಗಳು ಎಲ್ಲ ನೋಡ್ಕೊಳ್ಳೋನಾಗಿ ಬಂದು ಕೆಡಿಸ್ಬಿಟ್ಟ ಅಂತಿದಾರೆ. ನಿಲ್ಲಿಸ್ಬೇಡಿ. ಚಿಬ್ನಲ್ ಸೀಸನ್‌ಗಳು ವೀಕ್ ಅನ್ನೋದನ್ನ ನಾನೂ ಒಪ್ತೀನಿ, ಆದ್ರೆ ಒಬ್ಬ ಬಂದ ಕೆಡಿಸ್ದ, ಇನ್ನೊಬ್ಬ ಬಂದು ಉಳಿಸ್ತಾನೆ ಅನ್ನೋ ಈ ಮಾತು ಐವತ್ತು ವರ್ಷದಿಂದ ನಡೀತಾನೇ ಇದೆ, ಪ್ರತಿ ಸಲ ಹೆಸರು ಮಾತ್ರ ಬೇರೆ.

1976ರಲ್ಲಿ, ಟಾಮ್ ಬೇಕರ್ ಡಾಕ್ಟರ್ ಆಗಿದ್ದ ಕಾಲದಲ್ಲಿ, 'ದಿ ಡೆಡ್ಲಿ ಅಸಾಸಿನ್' ಅಂತ ಒಂದು ಕಥೆ ಬಂತು. ಆಗ ಫ್ಯಾನ್ ಸೊಸೈಟಿಯ ಅಧ್ಯಕ್ಷರೇ ಅದನ್ನ ಉಗಿದು ಬರೆದ್ರು, ಡಾಕ್ಟರ್‌ನ ಜನಾಂಗದ ಟೈಮ್ ಲಾರ್ಡ್‌ಗಳ ಮರ್ಯಾದೆ ತೆಗೆದ್ರು, ಹಳೇ ಕಥೆಗೂ ಇದಕ್ಕೂ ತಾಳಮೇಳ ಇಲ್ಲ ಅಂತ. ಈಗ ಅದೇ ಕಥೆ ಬೆಸ್ಟ್ ಲಿಸ್ಟ್‌ಗಳಲ್ಲಿರುತ್ತೆ. ಟೈಮ್ ಲಾರ್ಡ್ ಹನ್ನೆರಡು ಸಲ ಮಾತ್ರ ರೀಜನರೇಟ್ ಆಗಬಹುದು (ಸಾಯೋ ಹೊತ್ತಿಗೆ ಹೊಸ ಮೈ, ಹೊಸ ಮುಖ ಪಡೀಬಹುದು) ಅಂತ ಫ್ಯಾನ್ಸ್ ವೇದವಾಕ್ಯದ ಥರ ಹೇಳ್ತಾರಲ್ಲ, ಆ ರೂಲ್ ಹುಟ್ಟಿದ್ದೂ ಅದ್ರಲ್ಲೇ.

ಇನ್ನೂ ಮಜಾ ಏನು ಗೊತ್ತಾ, 1986ರಲ್ಲಿ ಬಿಬಿಸಿಯ 'ಓಪನ್ ಏರ್' ಅನ್ನೋ ಪ್ರೋಗ್ರಾಂನಲ್ಲಿ ಒಬ್ಬ ಹದಿಹರೆಯದ ಹುಡುಗ ಕೂತ್ಕೊಂಡು ಆ ವರ್ಷದ ಡಾಕ್ಟರ್ ಹೂ ಸೀಸನ್ನು ಎಷ್ಟು ಕಳಪೆ ಅಂತ ಅದರ ರೈಟರ್‌ಗಳಿಗೇ ಹೇಳ್ದ. ಆ ಹುಡುಗ ಕ್ರಿಸ್ ಚಿಬ್ನಲ್. 2018ರಲ್ಲಿ ಶೋ ಅವನ ಕೈಗೇ ಬಂತು, ಬಯ್ಯೋ ಸರದಿ ಬೇರೆಯವರದಾಯ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ.

ಈಗ ಕ್ವಾಲಿಟಿ ವಿಷಯ. 2005ರ ಶೋರನ್ನರ್ ರಸಲ್ ಟಿ ಡೇವಿಸ್ ಪಾತ್ರಗಳನ್ನ ಕಟ್ಟೋದ್ರಲ್ಲಿ ಎತ್ತಿದ ಕೈ, ಡಾಕ್ಟರ್ ಜೊತೆ ಹೋಗೋ ರೋಸ್ ಮನೆ, ಅವಳಮ್ಮ, ಇನ್ನೊಬ್ಬ ಜೊತೆಗಾತಿ ಡಾನಾಳ ತಾತ ಎಲ್ಲ ಪಕ್ಕದ್ಮನೆಯವರ ಥರ ನೆನಪಿರ್ತಾರೆ, ಆದ್ರೆ ಅವನ ಫಿನಾಲೆಗಳಲ್ಲಿ ಕೊನೇ ಹತ್ತು ನಿಮಿಷಕ್ಕೆ ಏನೋ ಒಂದು ಬಟನ್ ಒತ್ತಿ ಎಲ್ಲಾ ಸರಿ ಮಾಡ್ಬಿಡ್ತಾನೆ. ಅವನ ನಂತರ ಶೋರನ್ನರ್ ಆದ ಮಾಫಟ್‌ದು ಉಲ್ಟಾ, ಪಜಲ್ ಕಟ್ಟೋದ್ರಲ್ಲಿ ರಾಕ್ಷಸ, 2011ರ ಹೊತ್ತಿಗೆ ಆ ಪಜಲ್‌ಗಳೇ ಗಂಟು ಬಿದ್ದು ನೋಡೋರ ತಲೆ ಕೆಟ್ಟೋಗಿತ್ತು, ಆಮೇಲೆ 2015ರಲ್ಲಿ ಕಪಾಲ್ಡಿ ಒಬ್ನೇ ಹೆಚ್ಚೂಕಮ್ಮಿ ಪೂರ್ತಿ ಎಪಿಸೋಡ್ ಹೊತ್ಕೊಂಡು ಹೋಗೋ 'ಹೆವನ್ ಸೆಂಟ್' ಬರೆದು ಎಲ್ಲರ ಬಾಯಿ ಮುಚ್ಚಿಸ್ದ. ಚಿಬ್ನಲ್ ಕಾಲದಲ್ಲಿ ಡಾಕ್ಟರ್‌ನ ಟೈಮ್ ಮಷಿನ್ ಟಾರ್ಡಿಸ್ ಒಳಗೆ ಮೂರು ಜನ ಕಂಪ್ಯಾನಿಯನ್ಸ್ (ಜೊತೆಗಾರರು), ಯಾರಿಗೂ ಸರಿಯಾಗಿ ಕೆಲಸ ಇಲ್ಲ, ಕಣ್ಣೆದುರಿಗೆ ಆಗ್ತಿರೋದನ್ನೇ ಬಾಯಲ್ಲೂ ಹೇಳ್ತಾರೆ. ಆ ಕಾಲದ ಡಾಕ್ಟರ್ ಜೋಡಿ ವಿಟೇಕರ್ ಮೊದಲ ಎಪಿಸೋಡನ್ನ ಬ್ರಿಟನ್‌ನಲ್ಲಿ ಸುಮಾರು 1.1 ಕೋಟಿ ಜನ ನೋಡಿದ್ರು, 2021ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಬಂತು. ಅವಳು ಹೆಂಗಸು ಅನ್ನೋ ಕಾರಣಕ್ಕೇ ಶೋ ಬಿದ್ದೋಯ್ತು ಅನ್ನೋರ ಜೊತೆ ನಾನು ವಾದ ಮಾಡಲ್ಲ, ಅಷ್ಟು ಟೈಮ್ ನಂಗಿಲ್ಲ.

ನಾನು ನೋಡೋದೇ ಬೇರೆ: ಶೋರನ್ನರ್ ಎಷ್ಟು ಚೆನ್ನಾಗಿ ಬರೀತಾನೆ ಅನ್ನೋದಕ್ಕಿಂತ ಬೇರೆಯವರ ಕೈಲಿ ಎಷ್ಟು ಚೆನ್ನಾಗಿ ಬರೆಸ್ತಾನೆ ಅಂತ. ಡೇವಿಸ್ ಮೊದಲ ಸರದಿ ಅಂದ್ರೆ ಎಲ್ಲರೂ ಮೊದಲು ಹೇಳೋದು 2007ರ 'ಬ್ಲಿಂಕ್'. ಬರೆದಿದ್ದು ಮಾಫಟ್, ಡಾಕ್ಟರ್ ಅದ್ರಲ್ಲಿ ಸರಿಯಾಗಿ ಕಾಣಿಸೋದೂ ಇಲ್ಲ. ಅದೇ ಸೀಸನ್ನಿನ 'ಹ್ಯೂಮನ್ ನೇಚರ್' ಪಾಲ್ ಕಾರ್ನೆಲ್‌ದು. ಚಿಬ್ನಲ್ ಕಾಲದಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು 'ಡೀಮನ್ಸ್ ಆಫ್ ದಿ ಪಂಜಾಬ್', ವಿನಯ್ ಪಟೇಲ್ ಬರೆದಿದ್ದು. 1947ರ ಆಗಸ್ಟ್, ಆ ಮೂರು ಕಂಪ್ಯಾನಿಯನ್‌ಗಳಲ್ಲಿ ಒಬ್ಬಳಾದ ಯಾಸ್ ತನ್ನ ಅಜ್ಜಿ ಉಂಬ್ರೀನ್ ಹುಡುಗಿಯಾಗಿದ್ದ ಕಾಲಕ್ಕೆ ಹೋಗ್ತಾಳೆ, ಮುಸ್ಲಿಂ ಹುಡುಗಿ ಹಿಂದೂ ಹುಡುಗನ್ನ ಮದುವೆ ಆಗ್ತಿದಾಳೆ, ಊರಿನ ಮಧ್ಯೆ ಗಡಿ ಬೀಳ್ತಿದೆ. ಏಲಿಯನ್‌ಗಳು ಇದಾರೆ, ಆದ್ರೆ ಅವರು ಕೊಲ್ಲೋಕೆ ಬಂದಿಲ್ಲ, ಯಾರೂ ಜೊತೆಗಿಲ್ದೆ ಸಾಯೋರ ಪಕ್ಕ ಸಾಕ್ಷಿಯಾಗಿ ನಿಲ್ಲೋಕೆ ಬಂದಿದಾರೆ, ಕೊಲ್ಲೋರೆಲ್ಲ ಮನುಷ್ಯರೇ. ಡಾಕ್ಟರ್‌ಗೂ ಏನೂ ಮಾಡೋಕಾಗಲ್ಲ, ಮಾಡಿದ್ರೆ ಯಾಸ್ ಹುಟ್ಟೋದೇ ಇಲ್ಲ. ಕೊನೇಲಿ ಟೈಟಲ್ ಮ್ಯೂಸಿಕ್ ಕೂಡ ನಮ್ಮ ಕಡೆ ಹಾಡುಗಾರಿಕೆ ಧಾಟೀಲಿ ಬರುತ್ತೆ. ವಿಭಜನೆ ಬಗ್ಗೆ ಬ್ರಿಟಿಷ್ ಟೀವಿ ಶನಿವಾರ-ಭಾನುವಾರದ ಫ್ಯಾಮಿಲಿ ಶೋನಲ್ಲಿ ಇಷ್ಟು ನೇರವಾಗಿ ಮಾತಾಡ್ತು ಅನ್ನೋದೇ ದೊಡ್ಡ ವಿಷಯ, ನಿಮ್ಮ ಫ್ರೆಂಡ್ಸ್ ಮಾತು ಕೇಳಿ ನಿಲ್ಲಿಸಿದ್ರೆ ನೀವು ಕಳ್ಕೊಳ್ಳೋದು ಇದನ್ನ.

ಲೆಕ್ಕ ನೋಡಿ. 2005ರಲ್ಲಿ 13 ಎಪಿಸೋಡ್, 8 ಡೇವಿಸ್ ಬರೆದ, 5 ಬೇರೆಯವರಿಗೆ ಸಿಕ್ತು. 2018ರಲ್ಲಿ 10 ಆಯ್ತು, 2021ರ 'ಫ್ಲಕ್ಸ್' ಸೀಸನ್ ಬರೀ 6, ಆರರಲ್ಲೂ ಚಿಬ್ನಲ್ ಹೆಸರಿದೆ, ಒಂದಕ್ಕೆ ಮಾತ್ರ ಜೊತೆಗೆ ಇನ್ನೊಬ್ಬರು. ಆಮೇಲೆ ಡೇವಿಸ್ ವಾಪಸ್ ಬಂದ, ಡಿಸ್ನಿ ದುಡ್ಡು ಬಂತು, ಎಲ್ಲರೂ ಕುಣಿದಾಡಿದ್ರು. 2024ರ ಸೀಸನ್ 8 ಎಪಿಸೋಡ್, 6 ಅವನೇ ಬರೆದ. ಅದ್ರಲ್ಲಿ '73 ಯಾರ್ಡ್ಸ್' ಅದ್ಭುತ, ಫಿನಾಲೆ ಮತ್ತೆ ಅದೇ ಬಟನ್ ಒತ್ತೋ ಕೆಲಸ. ಹದಿಮೂರರಲ್ಲಿ ಎರಡು ಕೆಟ್ಟಿದ್ರೆ ಮುಂದಿನ ವಾರ ಮರ್ತೋಗುತ್ತೆ, ಎಂಟರಲ್ಲಿ ಎರಡು ಕೆಟ್ಟರೆ ಸೀಸನ್ನೇ ಕೆಟ್ಟಂಗೆ ಅನ್ಸುತ್ತೆ, ಜೊತೆಗೆ ಹೊಸ ರೈಟರ್ ಬೆಳೆಯೋಕೆ ಜಾಗಾನೂ ಇಲ್ಲ. ಮಾಫಟ್ ತಯಾರಾಗಿದ್ದೇ ಆ ಬೇರೆಯವರ ಪಾಲಿನ ಎಪಿಸೋಡ್‌ಗಳಲ್ಲಿ ತಾನೇ?

ಇನ್ನು ಟೈಮ್‌ಲೆಸ್ ಚೈಲ್ಡ್ ಗಲಾಟೆ. ನೀವಿನ್ನೂ ನೋಡಿಲ್ಲ ಅಂತ ಪೂರ್ತಿ ಹೇಳಲ್ಲ, 2020ರಲ್ಲಿ ಚಿಬ್ನಲ್ ಡಾಕ್ಟರ್ ಹುಟ್ಟಿನ ಕಥೆಗೇ ಕೈ ಹಾಕ್ದ. ಐಡಿಯಾ ತಪ್ಪು ಅಂತ ನಂಗನ್ಸಲ್ಲ, ಆದ್ರೆ ಅದನ್ನ ಡಾಕ್ಟರ್‌ನ ಒಂದು ಕಡೆ ನಿಲ್ಲಿಸಿ ಪಾಠ ಹೇಳ್ದಂಗೆ ಹೇಳಿದ್ದು ಬೋರು. ಡೇವಿಸ್ ಬಂದು ಅಳಿಸ್ತಾನೆ ಅಂತ ಕಾದವರಿಗೆ ನಿರಾಸೆ ಆಯ್ತು, ಅವನು ಅಳಿಸ್ಲಿಲ್ಲ.

ಈಗಿನ ಪರಿಸ್ಥಿತಿ ಅಂದ್ರೆ, 2025ರ ಮೇನಲ್ಲಿ ಡಾಕ್ಟರ್ ಆಗಿದ್ದ ಗಟ್ವಾ ಹೋಗಿ ಆ ಜಾಗದಲ್ಲಿ ಹಿಂದೆ ರೋಸ್ ಪಾತ್ರ ಮಾಡಿದ್ದ ಬಿಲ್ಲಿ ಪೈಪರ್ ಮುಖ ಬಂತು, ಅಕ್ಟೋಬರ್‌ನಲ್ಲಿ ಡಿಸ್ನಿ ಹೊರಗೆ ಹೋಯ್ತು ಅಂತ ಬಿಬಿಸಿ ಹೇಳ್ತು, 2026ರ ಕ್ರಿಸ್‌ಮಸ್‌ಗೆ ಡೇವಿಸ್ ಬರೆಯೋ ಸ್ಪೆಷಲ್ ಅಂತ ಅನೌನ್ಸ್ ಮಾಡಿದ್ರು.

ನೀವು ಆರಾಮಾಗಿ ಕಪಾಲ್ಡಿ ಮುಗ್ಸಿ ಮುಂದೆ ಹೋಗಿ. ಚಿಬ್ನಲ್ ಸೀಸನ್ ಪೂರ್ತಿ ಬೇಡ ಅಂದ್ರೆ 'ರೋಸಾ', ಪಂಜಾಬ್ ಎಪಿಸೋಡು, 'ದಿ ಹಾಂಟಿಂಗ್ ಆಫ್ ವಿಲ್ಲಾ ಡಿಯೊಡಾಟಿ', ಆಮೇಲೆ ಒಂದು ಇಡೀ ಬ್ರಹ್ಮಾಂಡವೇ ಮಾತಾಡೋ ಕಪ್ಪೆ ರೂಪದಲ್ಲಿ ಬಂದು ಕೂರೋ 'ಇಟ್ ಟೇಕ್ಸ್ ಯು ಅವೇ' ಇಷ್ಟನ್ನಾದ್ರೂ ನೋಡಿ. ಕಪ್ಪೆ ನೋಡಿ ನಗು ಬಂದ್ರೂ ಪೂರ್ತಿ ನೋಡಿ. 'ಆರ್ಫನ್ 55' ಮಾತ್ರ ಸ್ಕಿಪ್ ಮಾಡಿ, ಅದನ್ನ ಬರೆದಿರೋದೂ ಕಪ್ಪೆ ಎಪಿಸೋಡ್ ಬರೆದ ಎಡ್ ಹೈಮ್‌ನೇ, ಹಾಗಾಗಿ ಅದಕ್ಕೆ ಯಾರನ್ನ ಬಯ್ಯೋದು ಅಂತ ನಿಮ್ಮ ಫ್ರೆಂಡ್ಸ್‌ನೇ ಕೇಳಿ.