ಟವರ್ ಕ್ರೇನ್ ಬಿಡಿಭಾಗ ತರಿಸುವಾಗ ಎಲ್ಲಕ್ಕೂ ಒಂದೇ ಎಚ್‌ಎಸ್ ಕೋಡ್ ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾರವಾರದಲ್ಲಿ ಕಟ್ಟಡದ ಕೆಲಸ ನಡೆದಿದೆ. ಟವರ್ ಕ್ರೇನ್ ಈಗಾಗಲೇ ನಿಮ್ಮಲ್ಲಿದೆ. ಅದಕ್ಕೆ ಹೊರದೇಶದಿಂದ ಎರಡು ಮಾಸ್ಟ್ (ಕ್ರೇನಿನ ನೇರ ಕಂಬ) ತುಂಡು, ವೈರ್ ರೋಪ್, ಬೋಲ್ಟ್, ಒಂದು ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ), ಮೋಟಾರಿನ ಡ್ರೈವ್ ಮತ್ತು ಸ್ಲೂಯಿಂಗ್ ರಿಂಗ್ (ಕ್ರೇನಿನ ಮೇಲ್ಭಾಗ ತಿರುಗಲು ಇರುವ ದೊಡ್ಡ ಬಳೆ) ತರಿಸುತ್ತಿದ್ದೀರಿ. ಸಾಮಾನು ನವ ಮಂಗಳೂರು ಬಂದರಿನಲ್ಲಿ ಇಳಿಯುತ್ತದೆ. ಮಾರುವವರು ಇನ್‌ವಾಯ್ಸ್‌ನಲ್ಲಿ ಎಲ್ಲಕ್ಕೂ 'ಕ್ರೇನ್ ಪಾರ್ಟ್ಸ್, 8431 49' ಎಂದು ಒಂದೇ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕು ವಿಂಗಡಿಸುವ ಸಂಖ್ಯೆ) ಬರೆದಿದ್ದಾರೆ. ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ.

ಬಿಡಬೇಡಿ. ನಾನು ಕಾರವಾರದ ಬಂದರು ಬೈತಖೋಲದವನು. ಮಂಗಳೂರಿನಲ್ಲಿ ಸಿಎಚ್‌ಎ (ಆಮದುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಕಚೇರಿಯಲ್ಲಿ ಹಲವು ವರ್ಷ ಇದೇ ಕಾಗದಗಳ ಕೆಲಸ ಮಾಡಿದ್ದೇನೆ. ಇನ್‌ವಾಯ್ಸ್‌ನಲ್ಲಿ ಇರುವ ಕೋಡ್ ಮಾರುವವರ ಅಭಿಪ್ರಾಯ ಅಷ್ಟೇ. ಇಲ್ಲಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕಿ, ಸುಂಕ ಎಷ್ಟು ಎಂದು ಲೆಕ್ಕ ಕಟ್ಟುವವರು ನೀವು. ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಈ ಹೊಣೆಯನ್ನು ಆಮದು ಮಾಡುವವರ ಮೇಲೇ ಹಾಕಿದೆ. ತಪ್ಪಾದರೆ ನೋಟಿಸ್ ಬರುವುದು ನಿಮ್ಮ ವಿಳಾಸಕ್ಕೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಇಡೀ ಟವರ್ ಕ್ರೇನ್ ಬಿಚ್ಚಿ, ಒಂದೇ ಸಲಕ್ಕೆ ತಂದರೆ ಅದು ತುಂಡು ತುಂಡಾಗಿದ್ದರೂ ಕ್ರೇನೇ. 8426 20ಕ್ಕೆ ಹೋಗುತ್ತದೆ. ನಿಮ್ಮದು ಹಾಗಲ್ಲ, ಬಿಡಿಭಾಗ ಮಾತ್ರ. ಬಿಡಿಭಾಗ ಎಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ.

ನಮ್ಮ ಬಂದರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬೈತಖೋಲದಲ್ಲಿ ಟ್ರಾಲ್ ಬೋಟುಗಳ ವಿಂಚಿಗೆ ಉಕ್ಕಿನ ವೈರ್ ಸುತ್ತಿರುವುದನ್ನು ನೋಡಿರುತ್ತೀರಿ ಅಲ್ವಾ? ನಿಮ್ಮ ಕ್ರೇನಿನ ಕೊಕ್ಕೆ ಎತ್ತುವುದೂ ಅದೇ ಜಾತಿಯ ವೈರ್ ರೋಪ್. ಎಳೆ, ದಪ್ಪ, ತಡೆಯುವ ಭಾರ ಬೇರೆ ಇರಬಹುದು. ಆದರೆ ವಸ್ತು ಒಂದೇ. ಬೋಟಿಗೆ ಹಾಕಿದರೆ ಬೋಟಿನ ಭಾಗ, ಕ್ರೇನಿಗೆ ಹಾಕಿದರೆ ಕ್ರೇನಿನ ಭಾಗ ಎಂದು ಟಾರಿಫ್ (ಈ ಕೋಡ್‌ಗಳ ಸುಂಕದ ಪಟ್ಟಿ) ನೋಡುವುದಿಲ್ಲ. ಉಕ್ಕಿನ ಹಗ್ಗಕ್ಕೆ 7312 ಅಂತ ಸ್ವಂತ ಮನೆ ಇದೆ. ಬೋಲ್ಟು, ನಟ್ಟಿಗೆ 7318. ಚೈನಿಗೆ 7315. ಇವನ್ನು ಟಾರಿಫ್‌ನಲ್ಲಿ 'ಸಾಮಾನ್ಯ ಬಳಕೆಯ ಭಾಗಗಳು' ಎನ್ನುತ್ತಾರೆ. ಯಂತ್ರಗಳೆಲ್ಲ ಬರುವುದು 16ನೇ ವಿಭಾಗದಲ್ಲಿ. ಅದರ 1(ಜಿ) ಟಿಪ್ಪಣಿಯೇ ಇವನ್ನು ಹೊರಗಿಡುತ್ತದೆ. ನಿಮ್ಮ ಕ್ರೇನ್ ಕಂಪನಿ ತನ್ನದೇ ಪಾರ್ಟ್ ನಂಬರ್ ಒತ್ತಿ ಕೊಟ್ಟರೂ ಬೋಲ್ಟು ಬೋಲ್ಟೇ.

ನಾನು ಇದನ್ನು ಕಲಿತದ್ದು ಒಂದು ಕಹಿ ಅನುಭವದಿಂದ. ಕರಾವಳಿಯ ಒಬ್ಬ ಗುತ್ತಿಗೆದಾರರಿಗೆ ಒಂದು ಕಂಟೇನರ್ ವೈರ್ ರೋಪ್ ಬಂದಿತ್ತು. ಇನ್‌ವಾಯ್ಸ್ ನೋಡಿ 8431 ಎಂದೇ ಫೈಲ್ ಮಾಡಿದೆವು. ಅಧಿಕಾರಿ ಪ್ರಶ್ನೆ ಎತ್ತಿದರು, ಅವರು ಕೇಳಿದ್ದು ಸರಿಯೇ ಇತ್ತು. ತಿದ್ದುಪಡಿ, ಉತ್ತರ, ಮತ್ತೆ ತಪಾಸಣೆ ಅಂತ ದಿನ ಹೋದವು. ಡೆಮರೇಜ್ (ತಡವಾದ ಸಾಮಾನಿಗೆ ಕಟ್ಟುವ ಬಾಡಿಗೆ) ಏರುತ್ತಲೇ ಇತ್ತು. ಅತ್ತ ಮಳೆಗಾಲ ಹತ್ತಿರ ಬಂದಿತ್ತು, ಸೈಟಿನಲ್ಲಿ ಕೆಲಸ ನಿಂತಿತ್ತು. ಆ ಮನುಷ್ಯ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಅವರ ಆ ದನಿ ನನಗೆ ಇವತ್ತಿಗೂ ನೆನಪಿದೆ. ಸಾಮಾನು ಹಡಗು ಹತ್ತುವ ಮೊದಲು ಒಂದು ಸಂಜೆ ಕೂತು ಪಟ್ಟಿ ನೋಡಿದ್ದರೆ ಅದು ಯಾವುದೂ ಆಗುತ್ತಿರಲಿಲ್ಲ.

ಈಗ ಯಂತ್ರದಂಥ ಭಾಗಗಳಿಗೆ ಬರೋಣ. ಇಲ್ಲಿ ಅದೇ 16ನೇ ವಿಭಾಗದ 2(ಎ) ಟಿಪ್ಪಣಿ ಮುಖ್ಯ. 84 ಅಥವಾ 85ನೇ ಅಧ್ಯಾಯದಲ್ಲಿ ತನ್ನದೇ ಹೆಡಿಂಗ್ (ನಾಲ್ಕು ಅಂಕಿಯ ಕೋಡ್) ಇರುವ ವಸ್ತು, ಯಾವ ಯಂತ್ರದ ಭಾಗವಾಗಿ ಬಂದರೂ ತನ್ನ ಹೆಡಿಂಗಿಗೇ ಹೋಗಬೇಕು. ಹಾಗಾಗಿ ವಿಂಚ್ 8425. ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ 8504 40. ಬರೀ ಮೋಟಾರ್ ಬಂದರೆ 8501, ಗೇರ್‌ಬಾಕ್ಸ್ 8483, ಕಂಟ್ರೋಲ್ ಪ್ಯಾನೆಲ್ 8537. ಹೈಡ್ರಾಲಿಕ್ ಸಿಲಿಂಡರ್ ಇದ್ದರೆ 8412. ಅಳೆಯುವ ಉಪಕರಣ ಏನಾದರೂ ಇದ್ದರೆ 90ನೇ ಅಧ್ಯಾಯವನ್ನೂ ತೆರೆದು ನೋಡಿ.

ಹೀಗೆ ಎಲ್ಲೂ ಸ್ವಂತ ಮನೆ ಇಲ್ಲದೆ ಉಳಿದು, ಕ್ರೇನಿಗೆ ಮಾತ್ರ ಅಥವಾ ಮುಖ್ಯವಾಗಿ ಕ್ರೇನಿಗೇ ಆಗುವ ಭಾಗ 8431 49ಕ್ಕೆ. ನಿಮ್ಮ ಪಟ್ಟಿಯಲ್ಲಿ ಅದು ಮಾಸ್ಟ್ ತುಂಡು. ಜಿಬ್ (ಕ್ರೇನಿನ ಅಡ್ಡ ತೋಳು) ತುಂಡು, ಆಪರೇಟರ್ ಕ್ಯಾಬಿನ್ ತರಿಸಿದರೂ ಇಲ್ಲಿಗೇ. ಮಾಸ್ಟಿನ ಬಗ್ಗೆ ಒಂದು ಎಚ್ಚರಿಕೆ: 7308 20ರಲ್ಲಿ 'ಗೋಪುರ ಮತ್ತು ಜಾಲರಿ ಮಾಸ್ಟ್' ಎಂಬ ಮಾತಿದೆ. ಬರೀ 'ಸ್ಟೀಲ್ ಮಾಸ್ಟ್' ಎಂದು ಬರೆದರೆ ಯಾರಾದರೂ ಅಲ್ಲಿಗೆ ಒಯ್ಯಬಹುದು. ಕ್ರೇನಿನ ಮಾಡೆಲ್, ಪಾರ್ಟ್ ನಂಬರ್, ಜೋಡಣೆಯ ಡ್ರಾಯಿಂಗ್ ಕೊಡಿ. ಕ್ರೇನಿಗಾಗಿಯೇ ಮಾಡಿದ ಭಾಗ ಎಂದು ಅದರಿಂದ ಗೊತ್ತಾಗುತ್ತದೆ.

ಕಷ್ಟದ ವಸ್ತು ಸ್ಲೂಯಿಂಗ್ ರಿಂಗ್. ಒಳಗೆ ಗುಂಡು ಅಥವಾ ರೋಲರ್ ಇರುತ್ತದೆ, ಆದ್ದರಿಂದ ಬೇರಿಂಗ್, 8482 ಎನ್ನುತ್ತಾರೆ. ಅಂಚಿನಲ್ಲಿ ಹಲ್ಲು ಇದೆ, ಆದ್ದರಿಂದ 8483 ಎನ್ನುವವರೂ ಇದ್ದಾರೆ. ಅದರ ಮುಖ್ಯ ಕೆಲಸ ಭಾರ ಹೊತ್ತು ತಿರುಗುವುದು, ಹಾಗಾಗಿ ನನ್ನ ಒಲವು 8482 ಕಡೆಗೆ. ಬೆಲೆ ಜಾಸ್ತಿ ಇದ್ದು, ಮತ್ತೆ ಮತ್ತೆ ತರಿಸುವವರಾದರೆ ಅಡ್ವಾನ್ಸ್ ರೂಲಿಂಗ್ (ಯಾವ ಕೋಡ್ ಎಂದು ಮುಂಚೆಯೇ ಪಡೆಯುವ ತೀರ್ಪು) ಕೇಳಿ. ಅದರ ಪ್ರಾಧಿಕಾರ ಮುಂಬೈ ಮತ್ತು ದೆಹಲಿಯಲ್ಲಿದೆ. ತೀರ್ಪಿಗೆ ಕಾನೂನು ಇಟ್ಟ ಗಡುವು ಮೂರು ತಿಂಗಳು. ಒಂದೇ ಸಲ ತರಿಸುವುದಾದರೆ ಅಷ್ಟು ಕಾಯುವುದು ನಿಮ್ಮ ಸೈಟಿಗೆ ಆಗಲಿಕ್ಕಿಲ್ಲ. ಆಗ 18ನೇ ಸೆಕ್ಷನ್ ಪ್ರಕಾರ ತಾತ್ಕಾಲಿಕ ಅಸೆಸ್‌ಮೆಂಟ್ (ಅಂತಿಮ ಲೆಕ್ಕ ಆಮೇಲೆ ಆಗುವ ಸುಂಕ ನಿರ್ಧಾರ) ಕೇಳಿ, ಬಾಂಡ್ ಕೊಟ್ಟು ಸಾಮಾನು ಬಿಡಿಸಿಕೊಳ್ಳುವ ದಾರಿ ಇದೆ.

'ಸುಂಕದ ದರ ಹತ್ತಿರ ಹತ್ತಿರವೇ ಇದ್ದರೆ ಇಷ್ಟೆಲ್ಲ ಯಾಕೆ' ಅಂತಲೂ ಬರೆದಿದ್ದೀರಿ. ಮೂಲ ಸುಂಕದ ಮೇಲೆ ಉಳಿದವು ಹೇಗೆ ಕೂಡುತ್ತವೆ ನೋಡಿ. ಮೌಲ್ಯ 1,00,000 ರೂಪಾಯಿ, ಮೂಲ ಸುಂಕ 7.5%, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 18% ಎಂದುಕೊಳ್ಳಿ. ಮೂಲ ಸುಂಕ 7,500. ಅದರ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 750. ಈಗ ಒಟ್ಟು 1,08,250ರ ಮೇಲೆ ಐಜಿಎಸ್‌ಟಿ, 19,485. ಎಲ್ಲ ಸೇರಿ 27,735. ಮೂಲ ದರ ಸ್ವಲ್ಪ ಬದಲಾದರೂ ಸರ್‌ಚಾರ್ಜ್, ಐಜಿಎಸ್‌ಟಿ ಎರಡೂ ಬದಲಾಗುತ್ತವೆ. ದರ ಒಂದೇ ಇದ್ದರೂ ಬಿಐಎಸ್ (ಭಾರತೀಯ ಗುಣಮಟ್ಟ ಸಂಸ್ಥೆ) ಗುರುತು ಬೇಕಾ ಬೇಡವಾ ಎನ್ನುವುದು ಕೋಡ್ ಮೇಲೆ ನಿಂತಿರಬಹುದು. ಫೈಲ್ ಮಾಡುವ ದಿನದ ದರವನ್ನೇ ನೋಡಿ, ಹಳೆಯ ಬಿಲ್ ನಂಬಬೇಡಿ.

ಇನ್ನೊಂದು. ಕಡಿಮೆ ಕಟ್ಟಿದ ಸುಂಕವನ್ನು ಇಲಾಖೆ ಸಾಮಾನ್ಯವಾಗಿ ಎರಡು ವರ್ಷದ ಒಳಗೆ ಕೇಳಬಹುದು. ಬೇಕೆಂದೇ ಮುಚ್ಚಿಟ್ಟರೆ ಐದು ವರ್ಷ, ಮೇಲೆ ದಂಡ. ನಿಮ್ಮ ಕೋಡ್ ಒಂದು ವೇಳೆ ತಪ್ಪಾದರೂ ವಸ್ತುವಿನ ವಿವರ ಪೂರ್ತಿ ಕೊಟ್ಟಿದ್ದರೆ ನೀವು ಮುಚ್ಚಿಟ್ಟಿಲ್ಲ ಎಂದು ತೋರಿಸಲು ಕಾಗದ ಕೈಯಲ್ಲಿರುತ್ತದೆ. ಅದಕ್ಕೇ 'ಕ್ರೇನ್ ಪಾರ್ಟ್ಸ್' ಎಂಬ ಒಂದು ಸಾಲು ಸಾಲದು ಎನ್ನುವುದು.

ಈಗ ಮಾಡಬೇಕಾದದ್ದು: ಮಾರುವವರಿಗೆ ಇವತ್ತೇ ಮೇಲ್ ಹಾಕಿ. ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್‌ನಲ್ಲಿ ಪ್ರತಿ ವಸ್ತುವಿಗೂ ಬೇರೆ ಸಾಲು, ಬೇರೆ ಬೆಲೆ, ಬೇರೆ ತೂಕ ಕೇಳಿ. ಕ್ಯಾಟಲಾಗ್ ಪುಟ, ಫೋಟೊ ತರಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಸಾಮಾನು ಏನಾದರೂ ಸೇರಿದ್ದರೆ ಈಗಲೇ ನಿಮ್ಮ ಸಿಎಚ್‌ಎಗೆ ಹೇಳಿ. ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕಾಗುತ್ತದೆ. ರಿಂಗ್‌ನ ಡ್ರಾಯಿಂಗ್ ಸಿಕ್ಕರೆ ಕಂಪನಿಯ ಹೆಸರು ಮುಚ್ಚಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.